ಸುರಕ್ಷಿತವಾಗಿ ಇಳಿದವನ ತಪ್ಪು

178 ಸೆಕೆಂಡ್. ಮೂರು ನಿಮಿಷಕ್ಕೆ ಎರಡೇ ಸೆಕೆಂಡ್ ಕಮ್ಮಿ. ಎರಡು ನಿಮಿಷದ ನೂಡಲ್ಸ್ ನಿಜವಾಗಿ ಬೇಯೋಕೆ ಹಿಡಿಯುವಷ್ಟು ಹೊತ್ತು.

ಸಣ್ಣ ವಿಮಾನ ಹಾರಿಸುವವರ ಲೋಕದಲ್ಲಿ ಈ ಸಂಖ್ಯೆ ಬಹಳ ಪ್ರಸಿದ್ಧ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೀತು. ಹೊರಗೆ ಏನೂ ಕಾಣದಿದ್ದಾಗ ಬರೀ ಉಪಕರಣಗಳನ್ನು ನೋಡಿಕೊಂಡು ಹಾರಿಸಿದ ಅನುಭವ ಇಲ್ಲದ 20 ಜನರನ್ನು ಆರಿಸಿಕೊಂಡರು. ಪಕ್ಕದಲ್ಲಿ ಒಬ್ಬ ತರಬೇತುದಾರ. ಮೋಡದೊಳಗೆ ಹೊಕ್ಕರೆ ಹೇಗಿರುತ್ತೋ ಹಾಗೆ ಹೊರಗಿನ ನೋಟ ಮುಚ್ಚಿಬಿಟ್ಟರು. 20 ಜನಕ್ಕೆ 20 ಜನವೂ ವಿಮಾನದ ಹಿಡಿತ ಕಳಕೊಂಡರು. ಒಬ್ಬರಿಗೆ ಅದು 20 ಸೆಕೆಂಡಿನಲ್ಲೇ ಆಯಿತು, ಇನ್ನೊಬ್ಬರಿಗೆ 480 ಸೆಕೆಂಡ್ ಹಿಡೀತು. ಸರಾಸರಿ 178. ತರಬೇತುದಾರ ಇದ್ದದ್ದರಿಂದ ಎಲ್ಲರೂ ಮನೆಗೆ ಹೋದರು.

ಇದು ಧೈರ್ಯ ಸಾಲದೆ ಆದದ್ದಲ್ಲ. ಕಾರಣ ಇರೋದು ಕಿವಿಯಲ್ಲಿ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ತಲೆ ತಿರುಗಿದಾಗ ಆ ದ್ರವ ಸ್ವಲ್ಪ ಹಿಂದೆ ಉಳಿಯುತ್ತೆ, ಅದರಿಂದ ನಾವು ತಿರುಗ್ತಾ ಇದ್ದೀವಿ ಅಂತ ಮೆದುಳಿಗೆ ತಿಳಿಯುತ್ತೆ. ಆದರೆ ಒಂದೇ ಸಮನೆ, ನಿಧಾನಕ್ಕೆ ತಿರುಗ್ತಾ ಹೋದರೆ ಸ್ವಲ್ಪ ಹೊತ್ತಿನಲ್ಲಿ ದ್ರವವೂ ಅದೇ ವೇಗಕ್ಕೆ ಬಂದುಬಿಡುತ್ತೆ. ಆಮೇಲೆ ತಿರುಗುವುದು ಗೊತ್ತೇ ಆಗಲ್ಲ. ವಿಮಾನ ಒಂದು ಕಡೆಗೆ ವಾಲಿದೆ, ಸುತ್ತು ಹಾಕ್ತಿದೆ, ಕೆಳಗೆ ಇಳೀತಿದೆ. ಪೈಲಟ್‌ಗೆ ಮಾತ್ರ ನೇರವಾಗಿ ಹೋಗ್ತಾ ಇದ್ದೀನಿ ಅನ್ನಿಸುತ್ತೆ. ಎತ್ತರ ಕಮ್ಮಿಯಾಗ್ತಿದೆ ಅಂತ ಮೂತಿ ಮೇಲೆತ್ತಲು ಎಳೆದರೆ ಆ ಸುರುಳಿ ಇನ್ನೂ ಬಿಗಿಯಾಗುತ್ತೆ. ಯಾರಾದರೂ ರೆಕ್ಕೆಯನ್ನು ಸರಿಯಾಗಿ ಮಟ್ಟ ಮಾಡಿದರೋ, ಆಗ ಈಗ ವಾಲಿಬಿಟ್ಟೆ ಅನ್ನಿಸಿ, ಮತ್ತೆ ಮೊದಲಿನ ಕಡೆಗೇ ವಾಲಿಸುವ ಆಸೆಯಾಗುತ್ತೆ. ಹಗಲಿನಲ್ಲಿ, ದಿಗಂತ ಕಾಣುವಾಗ ಕಣ್ಣು ಈ ಕಿವಿಯ ಸುಳ್ಳನ್ನು ತಿದ್ದುತ್ತಾ ಇರುತ್ತೆ. ಮಂಜಿನಲ್ಲಿ ತಿದ್ದುವವರು ಯಾರೂ ಇಲ್ಲ. ಮುಂದಿರುವ ಡಯಲ್‌ಗಳಿವೆ, ನಿಜ. ಆದರೆ ಇಡೀ ಮೈ ಒಂದು ಹೇಳುವಾಗ ಅಂಗೈಯಗಲದ ಡಯಲ್ ಇನ್ನೊಂದು ಹೇಳಿದರೆ ಡಯಲನ್ನು ನಂಬೋದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅದಕ್ಕೆ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಅರ್ಹತೆ ಇದೆ. ಇನ್‌ಸ್ಟ್ರುಮೆಂಟ್ ರೇಟಿಂಗ್ ಅಂತಾರೆ.

ಇಷ್ಟೂ ಪೀಠಿಕೆ ಯಾಕೆ ಅಂದ್ರೆ, ಈ ಅಪಘಾತಗಳ ಬಗ್ಗೆ ಓದುವಾಗ ಒಂದು ಪ್ರಶ್ನೆ ಬಿಡದೆ ಕಾಡುತ್ತೆ. ಇಲ್ಲಿ ತಪ್ಪು ಆಗೋದು ಯಾವಾಗ?

ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ತಗೊಳ್ಳೋಣ. 1999ರ ಜುಲೈ 16, ಶುಕ್ರವಾರ. ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯ ಮಗ, 38 ವರ್ಷದ ಜಾನ್ ಎಫ್. ಕೆನಡಿ ಜೂನಿಯರ್, ನ್ಯೂಜೆರ್ಸಿಯ ಒಂದು ಸಣ್ಣ ವಿಮಾನ ನಿಲ್ದಾಣದಿಂದ ತನ್ನದೇ ಪೈಪರ್ ಸರಟೋಗಾ ವಿಮಾನದಲ್ಲಿ ಹೊರಟರು. ಜೊತೆಗೆ ಹೆಂಡತಿ ಕ್ಯಾರೊಲಿನ್, ಆಕೆಯ ಅಕ್ಕ ಲಾರೆನ್. ಅಕ್ಕನನ್ನು ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಇಳಿಸಿ, ಗಂಡ ಹೆಂಡತಿ ಮುಂದೆ ನೆಂಟರ ಮದುವೆಗೆ ಹೋಗಬೇಕಿತ್ತು. ಹೊರಡುವಾಗಲೇ ಸೂರ್ಯ ಮುಳುಗಿ ಆಗಿತ್ತು, ರಾತ್ರಿ 8.38. ಸಮುದ್ರದ ಮೇಲೆ ಮಬ್ಬು ಕವಿದಿತ್ತು. ಅದೇ ರಾತ್ರಿ ಆ ಭಾಗದಲ್ಲಿ ಹಾರಿದ ಇನ್ನೊಬ್ಬ ಪೈಲಟ್ ಕೆಳಗೆ ನೋಡಿ, ಇಡೀ ದ್ವೀಪದಲ್ಲಿ ಕರೆಂಟೇ ಹೋಗಿರಬೇಕು ಅಂದುಕೊಂಡಿದ್ದರಂತೆ. ಅಷ್ಟು ಕತ್ತಲು. ದ್ವೀಪಕ್ಕೆ ಇನ್ನೇನು ಕೆಲವೇ ಮೈಲಿ ಇದೆ ಅನ್ನುವಾಗ ಕೆನಡಿಯ ವಿಮಾನ ಸುತ್ತು ತಿರುಗಿ, ಕೊನೆಗೆ ನಿಮಿಷಕ್ಕೆ 4,700 ಅಡಿಗಿಂತ ಹೆಚ್ಚಿನ ವೇಗದಲ್ಲಿ ಕೆಳಗಿಳಿದು ಸಮುದ್ರಕ್ಕೆ ಬಿತ್ತು. ಮೂವರೂ ಉಳಿಯಲಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಮರುವರ್ಷ ಕೊಟ್ಟ ವರದಿಯಲ್ಲಿ ಕಾರಣ ಚಿಕ್ಕದಾಗಿದೆ: ರಾತ್ರಿ ನೀರಿನ ಮೇಲೆ ಇಳಿಯುವಾಗ ಪೈಲಟ್‌ಗೆ ದಿಕ್ಕುದೆಸೆಯ ಅರಿವು ತಪ್ಪಿ ನಿಯಂತ್ರಣ ಹೋಯಿತು, ಮಬ್ಬು ಮತ್ತು ಕತ್ತಲು ಅದಕ್ಕೆ ಸೇರಿಕೊಂಡವು.

ಅವರು ಯಾವ ಕಾನೂನನ್ನೂ ಮುರಿದಿರಲಿಲ್ಲ ಅನ್ನೋದನ್ನ ಗಮನಿಸಿ. ಸುಮಾರು 310 ಗಂಟೆ ಹಾರಿದ ಅನುಭವವಿತ್ತು. ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ, ಅದರ ತರಬೇತಿ ಅರ್ಧದಲ್ಲಿತ್ತು. ಆದರೆ ಅವತ್ತು ನಿಲ್ದಾಣಗಳು ವರದಿ ಮಾಡಿದ ಗೋಚರತೆಯ ಲೆಕ್ಕದಲ್ಲಿ ಆ ರೇಟಿಂಗ್ ಇಲ್ಲದವರೂ ಹಾರಬಹುದಿತ್ತು. ಒಬ್ಬ ತರಬೇತುದಾರ ಜೊತೆಗೆ ಬರ್ತೀನಿ ಅಂದಿದ್ದರು. ತಾನೊಬ್ಬನೇ ಹಾರಿಸಬೇಕು ಅಂತ ಕೆನಡಿ ಹೇಳಿದರು ಅಂತ ವರದಿಯಲ್ಲಿದೆ. ಅದೂ ಅಪರಾಧವಲ್ಲ. ಹೊಸದಾಗಿ ಏನಾದರೂ ಕಲಿತ ಯಾರಿಗೆ ತಾನೇ ಹಾಗನ್ನಿಸಲ್ಲ?

ಹಾಗಾದ್ರೆ ಕೊನೆಯ ಆ ಒಂದು ನಿಮಿಷಕ್ಕೆ ಅವರನ್ನು ದೂರಬಹುದಾ? ನನ್ನ ಪ್ರಕಾರ ಇಲ್ಲ. ಆ ಹೊತ್ತಿಗೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಮೈಯೇ ಸುಳ್ಳು ಹೇಳ್ತಿರುವಾಗ ಮನುಷ್ಯ ತನಗೆ ಸರಿ ಅನ್ನಿಸಿದ್ದನ್ನು ಮಾಡ್ತಾನೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಕುಡುಕರ ಪ್ರಸ್ತಾಪ ಮಾಡ್ತಾನೆ. ಕುಡಿದು ತಪ್ಪು ಮಾಡಿದವರಿಗೆ ದುಪ್ಪಟ್ಟು ಶಿಕ್ಷೆ ಕೊಡುವ ಕಾನೂನು ಅವತ್ತಿನ ಗ್ರೀಸಿನಲ್ಲಿತ್ತು. ಅವನು ಏನು ಮಾಡ್ತಿದ್ದಾನೆ ಅಂತ ಅವನಿಗೇ ಗೊತ್ತಿರಲಿಲ್ಲವಲ್ಲ ಅಂತ ಕೇಳಿದರೆ, ಗೊತ್ತಿಲ್ಲದ ಆ ಸ್ಥಿತಿಗೆ ಹೋಗದೆ ಇರುವುದು ಅವನ ಕೈಯಲ್ಲೇ ಇತ್ತಲ್ಲ ಅನ್ನೋದು ಅರಿಸ್ಟಾಟಲ್‌ನ ವಾದ. ಮೊದಲ ಗುಟುಕಿಗೆ ಮುಂಚೆ ಅವನು ಯಜಮಾನ. ಹಾಗೇ ಪೈಲಟ್ ಯಜಮಾನನಾಗಿರೋದು ನೆಲದ ಮೇಲೆ, ಚಕ್ರ ಉರುಳುವ ಮುಂಚೆ. ತಪ್ಪು ಅಂತ ಏನಾದರೂ ಇದ್ದರೆ ಅದನ್ನು ಅಲ್ಲಿ ಹುಡುಕಬೇಕು.

ಆದರೆ ನೆಲದ ಮೇಲೆ ನಿಂತಾಗ ಆ ಮನುಷ್ಯ ಕೆಟ್ಟದ್ದೇನನ್ನೂ ಬಯಸಿರಲ್ಲ. ಆಗುತ್ತೆ, ಹೋಗಬಹುದು ಅಂತ ಪ್ರಾಮಾಣಿಕವಾಗಿ ನಂಬಿರ್ತಾನೆ. ನಾವೂ ದಿನಕ್ಕೆ ಹತ್ತು ಸಲ ಅನ್ನುತ್ತೀವಲ್ಲ, "ಏನೂ ಆಗಲ್ಲ ಬಾ ಗುರು" ಅಂತ. ಪ್ರಾಮಾಣಿಕ ನಂಬಿಕೆ ತಪ್ಪಾಗೋದು ಹೇಗೆ?

ಇದಕ್ಕೆ ವಿಮಾನಗಳೇ ಇಲ್ಲದ ಕಾಲದಲ್ಲಿ ಒಬ್ಬ ಉತ್ತರ ಕೊಟ್ಟಿದ್ದಾನೆ. 1877ರಲ್ಲಿ ವಿಲಿಯಂ ಕ್ಲಿಫರ್ಡ್ ಅನ್ನುವ ಇಂಗ್ಲಿಷ್ ಗಣಿತಜ್ಞ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದು ಶುರುವಾಗೋದು ಒಬ್ಬ ಹಡಗಿನ ಮಾಲೀಕನ ಕತೆಯಿಂದ. ಹಡಗು ಹಳೇದು, ಎಷ್ಟೋ ಸಲ ರಿಪೇರಿ ಕಂಡಿದೆ. ವಲಸೆ ಹೊರಟ ಕುಟುಂಬಗಳು ಹತ್ತಬೇಕು. ಮಾಲೀಕನಿಗೆ ಒಳಗೊಳಗೇ ಅನುಮಾನ. ಆದರೆ ಚೆಕ್ ಮಾಡಿಸೋದಕ್ಕೆ ಖರ್ಚು. ಹಾಗಾಗಿ ಅವನು ತನ್ನನ್ನೇ ಸಮಾಧಾನ ಮಾಡಿಕೊಳ್ತಾನೆ: ಎಷ್ಟು ಬಿರುಗಾಳಿ ಕಂಡ ಹಡಗು ಇದು, ಈ ಸಲವೂ ಬರುತ್ತೆ, ದೇವರಿದ್ದಾನೆ. ಕೊನೆಗೆ ಅವನಿಗೆ ನಿಜವಾಗ್ಲೂ ನಂಬಿಕೆ ಬಂದುಬಿಡುತ್ತೆ. ಹಡಗು ನಡುಸಮುದ್ರದಲ್ಲಿ ಮುಳುಗಿದಾಗ ವಿಮೆ ಹಣ ತಗೊಂಡು ಸುಮ್ಮನಾಗ್ತಾನೆ. ಕ್ಲಿಫರ್ಡ್ ಹೇಳುವುದಿಷ್ಟು: ಅವನ ನಂಬಿಕೆ ನಿಜವಾದದ್ದೇ ಇರಬಹುದು, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಅವನು ಆ ನಂಬಿಕೆಯನ್ನು ವಿಚಾರಿಸಿ ಸಂಪಾದಿಸಲಿಲ್ಲ, ಅನುಮಾನದ ಬಾಯಿ ಮುಚ್ಚಿ ಪಡೆದ.

ಆಮೇಲೆ ಕ್ಲಿಫರ್ಡ್ ಕತೆಯನ್ನು ಸ್ವಲ್ಪ ಬದಲಾಯಿಸ್ತಾನೆ. ಹಡಗು ಮುಳುಗಲೇ ಇಲ್ಲ ಅಂತಿಟ್ಕೊಳ್ಳಿ. ಕ್ಷೇಮವಾಗಿ ದಡ ಸೇರಿತು, ಹೀಗೇ ಎಷ್ಟೋ ಸಲ ಹೋಗಿ ಬಂತು. ಈಗ ಅವನ ತಪ್ಪು ಕಮ್ಮಿಯಾಯಿತಾ? ಒಂದು ಕೂದಲಿನಷ್ಟೂ ಇಲ್ಲ ಅಂತಾನೆ ಕ್ಲಿಫರ್ಡ್. ಸಿಕ್ಕಿಬೀಳಲಿಲ್ಲ, ಅಷ್ಟೆ.

ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸೋದು ಈ ಎರಡನೇ ಹಡಗು. ಯಾಕಂದ್ರೆ ಬಿದ್ದ ವಿಮಾನದ ಬಗ್ಗೆ ಎಲ್ಲರೂ ತೀರ್ಪು ಕೊಡ್ತಾರೆ. ಹೋಗಬಾರದಿತ್ತು ಅಂತ ಮಾರನೇ ದಿನ ಹೇಳೋದು ಸುಲಭ. ಅದೇ ಮಬ್ಬಿನಲ್ಲಿ, ಅದೇ ತಯಾರಿಯಲ್ಲಿ, ಅಂಥದ್ದೇ ರಾತ್ರಿಯಲ್ಲಿ ಹೊರಟು, ಪುಣ್ಯಕ್ಕೆ ಒಂದು ಬೆಳಕಿನ ಸಾಲು ಕಂಡು, ಇಳಿದು, ಕೀಲಿ ತೆಗೆದು ಊಟಕ್ಕೆ ಹೋದವನ ಬಗ್ಗೆ ಯಾರೂ ಏನೂ ಹೇಳಲ್ಲ. ಅಥವಾ ಹೇಳಿದರೆ ಭೇಷ್ ಅಂತಾರೆ. ಗೆದ್ದೆತ್ತಿನ ಬಾಲ ಹಿಡಿಯೋದು ನಮಗೆ ಹೊಸದೇನಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅನ್ನುವ ಇಬ್ಬರು ತತ್ವಶಾಸ್ತ್ರಜ್ಞರು ನೀತಿಯಲ್ಲಿ ಅದೃಷ್ಟದ ಪಾತ್ರದ ಬಗ್ಗೆ ಬರೆದರು. ನೇಗಲ್‌ನ ಒಂದು ಉದಾಹರಣೆ ಬ್ರೇಕ್ ಚೆಕ್ ಮಾಡಿಸದ ಲಾರಿ ಡ್ರೈವರ್. ಮಗು ಅಡ್ಡ ಬಂದರೆ ಅವನು ಜೀವನವಿಡೀ ಕೊರಗ್ತಾನೆ. ಮಗು ಬಾರದಿದ್ದರೆ ಅದೇ ಅಸಡ್ಡೆ, ಆದರೆ ಯಾರೂ ಅವನನ್ನು ಅಷ್ಟಾಗಿ ದೂಷಿಸಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ನಮ್ಮ ಮನಸ್ಸು ಒಪ್ಪಲ್ಲ. ಕಾನೂನೂ ಒಪ್ಪಲ್ಲ. ಸತ್ತವರ ಮನೆಯವರ ಮುಂದೆ ನಿಂತು, "ಬದುಕಿ ಬಂದವನೂ ಇಷ್ಟೇ ತಪ್ಪು ಮಾಡಿದ್ದ" ಅಂದರೆ ಅದು ಅಣಕದ ಹಾಗೆ ಕೇಳಿಸುತ್ತೆ.

ಈ ಆಕ್ಷೇಪವನ್ನು ನಾನು ಅರ್ಧ ಒಪ್ತೀನಿ. ಆದ ನಷ್ಟ ಬೇರೆ ಬೇರೆ, ಹೊರಬೇಕಾದ ದುಃಖ ಬೇರೆ, ಕೊಡಬೇಕಾದ ಪರಿಹಾರವೂ ಬೇರೆ. ಆದರೆ ಆ ನಿರ್ಧಾರ ಸರಿಯಾಗಿತ್ತಾ ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಒಂದೇ. ಏಕೆಂದರೆ ನಿರ್ಧಾರ ಮಾಡುವ ಹೊತ್ತಿಗೆ ಫಲಿತಾಂಶ ಇನ್ನೂ ಹುಟ್ಟಿರಲಿಲ್ಲ. ಆಗ ಕೈಯಲ್ಲಿದ್ದದ್ದು ಹವಾಮಾನದ ವರದಿ, ತನ್ನ ಅನುಭವ ಎಷ್ಟು ಅನ್ನುವ ಲೆಕ್ಕ, ಹಿಂದಿನ ಸೀಟಿನಲ್ಲಿ ಕೂತವರು. ಅದನ್ನಿಟ್ಟುಕೊಂಡೇ ಅಳೀಬೇಕು.

ಸುರಕ್ಷಿತವಾಗಿ ಇಳಿದವನಿಗೆ ಇನ್ನೊಂದು ಅಪಾಯವೂ ಇದೆ. ಬಿದ್ದವನಿಗೆ ಮತ್ತೆ ತಪ್ಪು ಮಾಡಲು ಅವಕಾಶವಿಲ್ಲ. ಇಳಿದವನಿಗೆ ಇದೆ. ಹೋದ ಸಲ ಮಬ್ಬಿನಲ್ಲಿ ಬಂದೆ, ಏನೂ ಆಗಲಿಲ್ಲ. ಈ ಸಲ ಮಬ್ಬು ಸ್ವಲ್ಪ ಜಾಸ್ತಿ, ಆದರೂ ಬರ್ತೀನಿ. ಹೀಗೆ ಗೆರೆ ಬೆರಳಗಲ ಬೆರಳಗಲ ಸರಿಯುತ್ತಾ ಹೋಗುತ್ತೆ. ಅವನು ಅದನ್ನು ಅನುಭವ ಅಂತ ಕರೀತಾನೆ. ಅದು ಅದೃಷ್ಟದ ಪಾಸ್‌ಬುಕ್ಕು, ಎಷ್ಟು ಉಳಿದಿದೆ ಅಂತ ಅದರಲ್ಲಿ ಬರೆದಿರಲ್ಲ.

ಇನ್ನು ಹಿಂದಿನ ಸೀಟಿನವರು. ಒಬ್ಬನೇ ಹೋಗಿ ಒಬ್ಬನೇ ಬಿದ್ದರೆ ಅದು ಅವನ ಬದುಕು, ಅವನ ಆಯ್ಕೆ ಅಂತ ವಾದಿಸಬಹುದು. ಸಣ್ಣ ವಿಮಾನದಲ್ಲಿ ಕೂತವರು ಆಯ್ಕೆ ಮಾಡಿರಲ್ಲ, ನಂಬಿರ್ತಾರೆ. 1959ರ ಫೆಬ್ರವರಿ 3ರ ನಡುರಾತ್ರಿ ಅಮೆರಿಕದ ಅಯೊವಾ ರಾಜ್ಯದಿಂದ ಹಾಡುಗಾರ ಬಡ್ಡಿ ಹಾಲಿ ಮತ್ತು ಇನ್ನಿಬ್ಬರು ಕಲಾವಿದರು ಬಾಡಿಗೆಗೆ ತಗೊಂಡ ಸಣ್ಣ ವಿಮಾನ ಹೊರಟಿತು. ಅವರಿಗೆ ಹೀಟರ್ ಕೆಟ್ಟ ಬಸ್ಸಿನಲ್ಲಿ ಚಳಿಗೆ ನಡುಗಿ ಸಾಕಾಗಿತ್ತು; ಮುಂದಿನ ಊರಿಗೆ ಬೇಗ ಹೋದರೆ ಸ್ವಲ್ಪ ನಿದ್ದೆ ಮಾಡಬಹುದು, ಬಟ್ಟೆ ಒಗೆಸಬಹುದು ಅನ್ನುವಷ್ಟೇ ಆಸೆ. ಪೈಲಟ್‌ಗೆ 21 ವರ್ಷ, ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಹಿಮ, ಕತ್ತಲು. ಹವಾಮಾನದ ಪೂರ್ತಿ ಎಚ್ಚರಿಕೆ ಅವರಿಗೆ ಸಿಕ್ಕಿರಲಿಲ್ಲ ಅಂತಲೂ ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಹೊರಟ ಕೆಲವೇ ನಿಮಿಷದಲ್ಲಿ ವಿಮಾನ ಹೊಲದಲ್ಲಿ ಬಿದ್ದು ನಾಲ್ವರೂ ಸತ್ತರು. ಪೈಲಟ್‌ನ ಹತ್ತಿರ ಯಾವ ರೇಟಿಂಗ್ ಇದೆ ಅಂತ ಕೇಳಬೇಕು ಅನ್ನೋದೇ ಆ ಹಾಡುಗಾರರಿಗೆ ಎಲ್ಲಿಂದ ಹೊಳೀಬೇಕು? ನಿಮಗಾದರೂ ಹೊಳೆಯುತ್ತಾ? ತಾನು ಯಾವ ಅಪಾಯಕ್ಕೆ ಒಪ್ಪಿದ್ದೀನಿ ಅಂತ ಗೊತ್ತಿಲ್ಲದವರ ಒಪ್ಪಿಗೆಯನ್ನು ಒಪ್ಪಿಗೆ ಅಂತ ಲೆಕ್ಕ ಹಾಕೋಕಾಗಲ್ಲ.

ಒತ್ತಡ ಇರುತ್ತೆ ಅಂತೀರಾ? ಇರುತ್ತೆ. ಪೈಲಟ್‌ಗಳೇ ಇದಕ್ಕೊಂದು ರೋಗದ ಹೆಸರಿಟ್ಟಿದ್ದಾರೆ, ಗೆಟ್-ದೇರ್-ಐಟಿಸ್ ಅಂತ. ನಮ್ಮ ಮಾತಲ್ಲಿ 'ಹೆಂಗಾದ್ರೂ ತಲುಪಲೇಬೇಕು ಜ್ವರ'. ಈ ಜ್ವರ ಹೊರಗಿನಿಂದಲೇ ಬರಬೇಕೆಂದಿಲ್ಲ. 2020ರ ಜನವರಿ 26ರ ಭಾನುವಾರ ಬೆಳಗ್ಗೆ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್, ಅವರ 13 ವರ್ಷದ ಮಗಳು ಸೇರಿ 9 ಜನರಿದ್ದ ಹೆಲಿಕಾಪ್ಟರ್ ಲಾಸ್ ಏಂಜಲೀಸ್ ಹತ್ತಿರದ ಕ್ಯಾಲಬಾಸಸ್ ಗುಡ್ಡಕ್ಕೆ ಬಡಿದು ಎಲ್ಲರೂ ಸತ್ತರು. ಮಂಜು, ಮೋಡ. ಮೋಡದ ಮೇಲೆ ಹೋಗಲು 4,000 ಅಡಿಗೆ ಏರ್ತಾ ಇದ್ದೀನಿ ಅಂತ ಪೈಲಟ್ ರೇಡಿಯೋದಲ್ಲಿ ಹೇಳುವಾಗ ಹೆಲಿಕಾಪ್ಟರ್ ನಿಜಕ್ಕೂ ಇಳೀತಾ ಇತ್ತು. ಅದು ಸುಳ್ಳಲ್ಲ, ಅವರ ಕಿವಿ ಅವರಿಗೆ ಹೇಳಿದ್ದನ್ನೇ ಅವರು ಹೇಳಿದರು. ಈ ಪೈಲಟ್ ಅನುಭವಿ, ಇನ್‌ಸ್ಟ್ರುಮೆಂಟ್ ರೇಟಿಂಗ್ ಕೂಡ ಇತ್ತು. ಹೋಗಲೇಬೇಕು ಅಂತ ಕಂಪನಿಯಾಗಲೀ ಪ್ರಯಾಣಿಕರಾಗಲೀ ಒತ್ತಾಯ ಮಾಡಿದ್ದಕ್ಕೆ ತನಿಖೆಯಲ್ಲಿ ಯಾವ ಪುರಾವೆಯೂ ಸಿಗಲಿಲ್ಲ. ಪೈಲಟ್ ತನ್ನ ಮೇಲೆ ತಾನೇ ಹೇರಿಕೊಂಡಿರಬಹುದಾದ ಒತ್ತಡದ ಬಗ್ಗೆ ವರದಿ ಮಾತಾಡುತ್ತೆ. ಮೆಚ್ಚಿನ ಗಿರಾಕಿಗೆ ಇಲ್ಲ ಅನ್ನೋದು ಹೇಗೆ ಅನ್ನುವ ಸಂಕೋಚ. ಒಳ್ಳೆಯವರಿಗೇ ಜಾಸ್ತಿ ಬರುವ ಸಂಕೋಚ ಅದು.

ಈಗ ಕ್ಲಿಫರ್ಡ್‌ನ ವಿರುದ್ಧ ನಿಂತವನ ಮಾತೂ ಕೇಳಬೇಕು. ಅಮೆರಿಕದ ವಿಲಿಯಂ ಜೇಮ್ಸ್, ಎಲ್ಲಕ್ಕೂ ಪುರಾವೆ ಸಿಗಲಿ ಅಂತ ಕಾಯ್ತಾ ಕೂತರೆ ಬದುಕೋಕಾಗಲ್ಲ ಅಂದ. ಅವನ ಉದಾಹರಣೆ ಒಬ್ಬ ಪರ್ವತಾರೋಹಿ. ಆಲ್ಪ್ಸ್ ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಒಂದು ಭಯಂಕರ ಕಂದಕ ಹಾರಿದರೆ ಮಾತ್ರ ಬದುಕ್ತಾನೆ. ಹಾರಬಲ್ಲೆ ಅಂತ ನಂಬಿದರೆ ಕಾಲಿಗೆ ಬಲ ಬರುತ್ತೆ. ಅನುಮಾನಪಟ್ಟರೆ ನಡುಗಿ ಬೀಳ್ತಾನೆ. ಅಂದರೆ ಕೆಲವೊಮ್ಮೆ ನಂಬಿಕೆಯೇ ಸತ್ಯವನ್ನು ಹುಟ್ಟಿಸುತ್ತೆ. ಸ್ಟಾರ್ಟಪ್ ಪಿಚ್‌ಗಳಲ್ಲಿ ನಾವು ಕೇಳುವ ಮಾತೂ ಹೆಚ್ಚುಕಮ್ಮಿ ಇದೇ.

ಜೇಮ್ಸ್ ಹೇಳೋದು ನಿಜ. ಆದರೆ ಆ ಪರ್ವತಾರೋಹಿಗೆ ಹಿಂದಕ್ಕೆ ದಾರಿ ಇರಲಿಲ್ಲ ಅನ್ನೋದನ್ನ ಮರೀಬಾರದು. ಹಿಂದಕ್ಕೆ ದಾರಿ ಇಲ್ಲದಿರುವಾಗ ಆತ್ಮವಿಶ್ವಾಸ ಔಷಧಿ. ದಾರಿ ಇರುವಾಗ ಅದೇ ಆತ್ಮವಿಶ್ವಾಸ ಭಂಡ ಧೈರ್ಯ. ನೆಲದ ಮೇಲೆ ನಿಂತ ಪೈಲಟ್‌ಗೆ ದಾರಿ ಇದೆ: ಹೋಟೆಲಿನಲ್ಲಿ ಒಂದು ರಾತ್ರಿ, ಮದುವೆಗೆ ಸ್ವಲ್ಪ ಲೇಟು. ಜೊತೆಗೆ ಕಾಲಿನ ಬಲದ ಹಾಗೆ ಒಳಕಿವಿಯ ದ್ರವ ನಂಬಿಕೆಗೆ ಬಗ್ಗಲ್ಲ. ಎಷ್ಟು ಗಟ್ಟಿಯಾಗಿ ನಂಬಿದರೂ ಮಂಜಿನಲ್ಲಿ ದಿಗಂತ ಕಾಣಲ್ಲ.

ಅದಕ್ಕೇ ತಿಳಿದ ಪೈಲಟ್‌ಗಳು ಒಂದು ಕೆಲಸ ಮಾಡ್ತಾರೆ. ಹವಾಮಾನ ಚೆನ್ನಾಗಿರುವ ದಿನ, ಯಾವ ಅವಸರವೂ ಇಲ್ಲದಾಗ, ತಮ್ಮದೇ ಮಿತಿಗಳನ್ನು ಕಾಗದದ ಮೇಲೆ ಬರೆದಿಡ್ತಾರೆ. ಗೋಚರತೆ ಇಷ್ಟಕ್ಕಿಂತ ಕಮ್ಮಿ ಇದ್ದರೆ ಹೊರಡಲ್ಲ. ರಾತ್ರಿ ನೀರಿನ ಮೇಲೆ ಹಾರಲ್ಲ. ಕಾನೂನು ಬಿಟ್ಟರೂ ನಾನು ಬಿಡಲ್ಲ. ಅವಸರದ ದಿನ ಬಂದಾಗ ಹೊಸದಾಗಿ ಯೋಚನೆ ಮಾಡಲ್ಲ, ಕಾಗದ ಹೇಳಿದ್ದನ್ನು ಕೇಳ್ತಾರೆ. ತಲೆ ತಿಳಿಯಾಗಿದ್ದಾಗಿನ ನಾನು ಕೊಟ್ಟ ಮಾತನ್ನು ಜ್ವರ ಬಂದಾಗಿನ ನಾನು ಉಳಿಸಿಕೊಳ್ಳೋದು. ನಮ್ಮಲ್ಲಿ ಡಿಸೆಂಬರ್‌ನ ಬೆಳಗಿನ ಜಾವ ನಂದಿಬೆಟ್ಟಕ್ಕೆ, ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಗೆ ಕಾರು ತಿರುಗಿಸುವವರಿಗೂ ಇಂಥದ್ದೊಂದು ಕಾಗದ ಇದ್ದರೆ ನಷ್ಟವಿಲ್ಲ.

ಆ 1954ರ ಪ್ರಯೋಗದ ಇನ್ನರ್ಧ ಕತೆಯನ್ನು ಜನ ಅಷ್ಟಾಗಿ ಹೇಳಲ್ಲ. ಆ ಪ್ರಯೋಗ ನಡೆಸಿದ ಉದ್ದೇಶ ಜನ ಎಷ್ಟು ಬೇಗ ಸಾಯ್ತಾರೆ ಅಂತ ನೋಡೋದಾಗಿರಲಿಲ್ಲ. ಅದೇ ಜನರಿಗೆ ಕೆಲವು ಗಂಟೆ ತರಬೇತಿ ಕೊಟ್ಟು ಒಂದೇ ಒಂದು ವಿದ್ಯೆ ಕಲಿಸಿದರು: ನಿಧಾನವಾಗಿ ಅರ್ಧ ಸುತ್ತು ತಿರುಗಿ, ಬಂದ ದಾರಿಯಲ್ಲೇ ಮಂಜಿನಿಂದ ಹೊರಗೆ ಬರೋದು. ಆಮೇಲಿನ ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಪ್ರತಿ ಸಲವೂ ಅವರು ಅದನ್ನು ಸರಿಯಾಗಿ ಮಾಡಿದರು. ತಿರುಗಿ ಬರೋದು ಹುಟ್ಟುಗುಣ ಅಲ್ಲ, ಕಲೀಬಹುದಾದ ವಿದ್ಯೆ.

ಕಲಿಸುವುದರಲ್ಲಿ ಪ್ರಯಾಣಿಕರಾದ ನಮ್ಮ ಪಾಲೂ ಇದೆ. ಅರ್ಧ ದಾರಿಯಿಂದ ವಾಪಸ್ ಬಂದವನನ್ನು ನಾವು ಪುಕ್ಕಲ ಅಂತ ಆಡಿಕೊಂಡರೆ, ಕುರುಡು ಮಂಜಿನಲ್ಲಿ ನುಗ್ಗಿ ಬಂದವನಿಗೆ ಭೇಷ್ ಅಂದರೆ, ಮುಂದಿನ ಸಲ ಅವನು ಏನು ಮಾಡ್ತಾನೆ ಅಂತ ನಾವೇ ಬರೆದುಕೊಟ್ಟ ಹಾಗೆ. ವಿಮಾನವೋ, ಕಾರೋ, ರಾತ್ರಿ ಪಾಳಿಯ ಕ್ಯಾಬೋ, ಹತ್ತುವ ಮುಂಚೆ ಚಾಲಕನಿಗೆ ಒಂದು ಮಾತು ಹೇಳಬಹುದು: "ಸರಿಯಿಲ್ಲ ಅನ್ನಿಸಿದ್ರೆ ನಿಲ್ಲಿಸಿಬಿಡಿ ಅಣ್ಣ, ವಾಪಸ್ ಹೋಗೋಣ. ಲೇಟಾದ್ರೆ ನಾನು ಫೋನ್ ಮಾಡಿ ಹೇಳ್ತೀನಿ." ಸಂಕೋಚದಿಂದ ಬಾಯಿ ಬಿಡದೆ ಕೂತವನಿಗೆ ಇಷ್ಟು ಅನುಮತಿ ಸಾಕಾಗಬಹುದು.